ಮೂಡಲಕೋಟೆಯಿಂದ ಪಡುವಲಕೋಟೆಗೆ

"ಕೇಳಿರಪ್ಪೋ ಕೇಳಿರಿ! ರಾಜಕುಮಾರಿ ಪದುಮಾಜಿಯ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುವುದು. ತಪ್ಪಿದವನ ತಲೆ ಪಡುವಲಕೋಟೆಯಲ್ಲಿ ಉರುಳುವುದು. ಮಹಾರಾಜರ ಅಪ್ಪಣೆ!"

ಮೂಡಲಕೋಟೆಯಲ್ಲಿ ಡಂಗುರ ಹೊಡೆದದ್ದೇ ತಡ, ಮೂವರು ಮುಂದೆ ಬಂದರು. ಆಸೆ ಯಾರನ್ನು ಬಿಟ್ಟೀತು ಹೇಳಿ! ದೊರೆಮಗನೊಬ್ಬ ಮೊದಲ ಒಗಟಿಗೇ ಮುಗ್ಗರಿಸಿದ, ಸಾಹುಕಾರನ ಮಗ ಎರಡನೆಯದಕ್ಕೆ. ಬೈರ ಅನ್ನೋ ಬಡವ ಎರಡು ಬಿಡಿಸಿ ಮೂರನೆಯದಕ್ಕೆ ಸಿಕ್ಕಿಬಿದ್ದ. ಮೂವರನ್ನೂ ಪಡುವಲಕೋಟೆಗೆ ಸಾಗಿಸಿದರು. ಇವತ್ತು ದನ ಮನೆಗೆ ಮರಳೋ ಹೊತ್ತಿಗೆ ಕತ್ತಿ ಬೀಳಬೇಕು.

ಬೈರನ ತಮ್ಮ ಕೆಂಚ. ಎರಡು ಕೋಟೆಗಳ ನಡುವೆ ಜನರನ್ನು ಹೊತ್ತು ಹಾರೋ ಮರದ ಗರುಡವೊಂದಿತ್ತು; ಅದರ ಹಗ್ಗ ಕಟ್ಟಿ ಬಿಚ್ಚೋದು ಅವನ ಕೆಲಸ. ಬಿಸಿಲು ಬಾಗಿದ ಮೇಲೆ ಅವನೂ ಅರಮನೆಗೆ ಬಂದು ನಿಂತ. ಒಡಹುಟ್ಟಿದವನನ್ನು ಬಿಟ್ಟುಕೊಡೋಕಾಗುತ್ತದೆಯೇ?

"ನೆಲದ ಮೇಲೆ ನಡೆದರೆ ಪಡುವಲಕೋಟೆಗೆ ಮೂವತ್ತು ಹರದಾರಿ, ಗರುಡನಿಗೆ ಹದಿನೆಂಟೇ. ಉಳಿದ ಹನ್ನೆರಡನ್ನು ನುಂಗಿದವರಾರು?" ಎಂದಳು ಪದುಮಾಜಿ. ಇದಕ್ಕೆ ದೊರೆಮಗ "ರಾಕ್ಷಸ" ಅಂದಿದ್ದ, ಪಾಪ.

"ಬೆಟ್ಟ, ಹೊಳೆ, ಅಮ್ಮಣ್ಣಿ. ನಾವು ಸುತ್ತಿ ಬಳಸಿ ಹೋಗ್ತೀವಿ, ಗರುಡ ನೆಟ್ಟಗೆ ಹೋಗ್ತದೆ."

"ಅದೇ ಗರುಡ, ಅದೇ ದಾರಿ. ಹೋಗೋಕೆ ಅರ್ಧ ಜಾವ, ಬರೋಕೆ ಕಾಲು ಜಾವ. ಯಾಕೆ?"

ಸಾಹುಕಾರನ ಮಗ "ಮನೆ ಕಡೆ ದಾರಿ ಯಾವಾಗಲೂ ಹತ್ತಿರ" ಅಂದು ಕೆಟ್ಟಿದ್ದ.

"ಪಡುವಣ ಗಾಳಿ. ಹೋಗುವಾಗ ಮುಖಕ್ಕೆ ಹೊಡೀತದೆ, ಬರುವಾಗ ಬೆನ್ನು ತಳ್ತದೆ."

ಪದುಮಾಜಿಯ ದನಿ ಕುಗ್ಗಿತು. "ಪಡುವಲಕೋಟೆಯಲ್ಲಿದ್ದ ನಮ್ಮವ್ವ ಸಾಯ್ತಿದ್ದಾಳೆ ಅಂತ ಸುದ್ದಿ ಬಂತು. ಅರ್ಧ ಜಾವದ ದಾರಿ. ಸುದ್ದಿ ಬಂದ ಮೇಲೂ ಅವ್ವನ ಉಸಿರು ಮುಕ್ಕಾಲು ಜಾವ ಇತ್ತಂತೆ. ಆದರೂ ನನಗೆ ಅವಳ ಮುಖ ಸಿಗಲಿಲ್ಲ. ಯಾಕೆ?"

ಬೈರ "ಗಾಳಿ" ಅಂದಿದ್ದು ಇದಕ್ಕೇ. ಉತ್ತರ ಕೆಂಚನಿಗೆ ಗೊತ್ತಿತ್ತು. ಹೇಳಿದರೆ ಅವಳ ಮುಖಕ್ಕೇ ಹೇಳಬೇಕು. ಆದರೂ ಹೇಳಿದ.

"ರಾಹುಕಾಲ, ಅಮ್ಮಣ್ಣಿ. ಕಳೆಯಲಿ ಅಂತ ಕೂತಿರಿ. ಕೂರಿಸಿದವರು ಪುರೋಹಿತರು, ಕೂತವರು ನೀವು. ಹಗ್ಗ ಹಿಡಿದು ನಿಂತಿದ್ದವನು ನಾನು. 'ಹೊರಡಿ' ಅನ್ನೋ ಮಾತು ಬಾಯಿತನಕ ಬಂದಿತ್ತು, ಹೆದರಿ ನುಂಗಿಕೊಂಡೆ. ಅವತ್ತಿನಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ."

ಪದುಮಾಜಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

"ಗಾಳಿ ಅಂದರು, ವಿಧಿ ಅಂದರು. ನನ್ನ ತಪ್ಪು ಅಂತ ಒಬ್ಬರೂ ಅನ್ನಲಿಲ್ಲ. ಅದನ್ನು ಕೇಳೋ ಹಟಕ್ಕೆ ಮೂರು ಜೀವ ಬೇರೆ ಬಲಿಗಿಟ್ಟೆ, ಪಾಪಿ ನಾನು! ಏನು ಬೇಕು ಕೇಳಪ್ಪ."

"ಆ ಮೂವರ ಜೀವ, ಅಮ್ಮಣ್ಣಿ. ಅವರಲ್ಲೊಬ್ಬ ನಮ್ಮಣ್ಣ."

"ಧಾರಾಳವಾಗಿ ಆಗಲಿ," ಎಂದು ಪುರೋಹಿತರು ಕೆಮ್ಮಿದರು. "ಆದರೆ ಈಗ ತಾನೇ ರಾಹುಕಾಲ ಹಿಡಿದಿದೆ. ಸ್ವಲ್ಪ ತಡೆದು..."

"ಹಗ್ಗ ಬಿಚ್ಚೋ, ಕೆಂಚ!" ಪದುಮಾಜಿ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಎದುರುಗಾಳಿಯಲ್ಲೇ ಗರುಡ ಹಾರಿತು. ಪಡುವಲಕೋಟೆಯಲ್ಲಿ ಇಳಿದಾಗ ದನಗಳಿನ್ನೂ ಬಯಲಲ್ಲೇ ಮೇಯುತ್ತಿದ್ದವು. ಮೂವರ ಕಟ್ಟು ಬಿಚ್ಚಿಸಿದಳು. ಬೈರ ತಮ್ಮನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ.

ಪದುಮಾಜಿ ಅವ್ವನ ಕೋಣೆಗೆ ಹೋಗಿ ಬರಿ ಮಂಚದ ಮೇಲೆ ಕೂತಳು. ಕೆಂಚ ಬಾಗಿಲಲ್ಲಿ ನಿಂತ.

"ಅವತ್ತೂ ಇಲ್ಲಿಗೆ ಬರೋಕೆ ಇಷ್ಟೇ ಹೊತ್ತಲ್ಲವೇನೋ?"

"ಇಷ್ಟೇ, ಅಮ್ಮಣ್ಣಿ."