ಕೊಗ್ಗಿ ಕಟ್ಟಿದ ಗಂಟು

ಭೂಮಿ ಆಗಿನ್ನೂ ಹೊಸ ಮಡಕೆಯ ಹಾಗೆ ಹಸಿಹಸಿಯಾಗಿತ್ತು. ಗಿಡಗಳಿಗೆ ಮಾತು ಬರುತ್ತಿತ್ತು. ಮಾತು ಬರುತ್ತಿತ್ತು ಅಂದೆ ಸಾವಂತ್ರಿ, ಮರ್ಯಾದೆ ಬರುತ್ತಿತ್ತು ಅನ್ನಲಿಲ್ಲ!

ಹೊಲದ ನಡುವೆ ಜೋಳ, ಹತ್ತಿ ಇದ್ದವು. ಬದುವಿನ ಮೇಲೆ ಕೊಗ್ಗಿ ಇದ್ದಳು. ಮೊಣಕಾಲೆತ್ತರದ ಗಿಡ, ಪುಟ್ಟ ಪುಟ್ಟ ನೇರಳೆ ಹೂ. ಒಂದು ದಿನ ಅವಳು ಹೊಲದೊಳಗೆ ಕಾಲಿಟ್ಟಳು. ಜೋಳ ಗದರಿತು.

"ಏ ಕಸಾ! ಇದು ಬೆಳಿ ಇರೂ ಜಾಗಾ. ಹೊರಗ ನಡಿ!"

ಕಸವಂತೆ! ನನಗೆ ಈಗಲೂ ಮೈ ಉರಿಯುತ್ತದೆ.

ಕೊಗ್ಗಿ ಬದುವಿಗೆ ಮರಳಿದಳು. ಅಲ್ಲಿಗೆ ಚೀಲ ಹೊತ್ತ ಗಾಳಿ ಬಂತು.

"ಅಣ್ಣಾ, ನಿನ್ನ ಚೀಲದಾಗ ಏನೈತಿ?"

"ಭೂಮಿತಾಯಿಗೆ ಸೇರೂ ಬುತ್ತಿ ಐತೆವ್ವಾ. ಯಾರೂ ಇಳಿಸಿಕೊಳ್ಳವಲ್ರು. ಹೊತ್ಕೊಂಡು ತಿರಗಾಕತ್ತೀನಿ."

"ನನಗೊಂದು ಚಿಟಿಕಿ ಕೊಡು."

ಗಾಳಿ ಕೊಟ್ಟಿತು. ಕೊಗ್ಗಿ ಅರ್ಧ ತಿಂದಳು, ಅರ್ಧವನ್ನು ಬೇರಿನಲ್ಲಿ ಗಂಟು ಕಟ್ಟಿಟ್ಟಳು. ಮರುದಿನ ಮತ್ತೊಂದು ಚಿಟಿಕೆ, ಮತ್ತೊಂದು ಗಂಟು. ಅದರ ಮರುದಿನ ಇನ್ನೊಂದು.

ಅಷ್ಟರಲ್ಲಿ ಭೂಮಿತಾಯಿ ಬಸುರಿಯಾದಳು. ಜೋಳ ಉದುರಿಸಿದ ಕಾಳೇ ಅವಳ ಹೊಟ್ಟೆಯಲ್ಲಿ ಕೂಸಾಗಿತ್ತು. ಸೀಗೆ ಹುಣ್ಣಿಮೆಯ ಹೊತ್ತಿಗೆ ಹಸಿವಿನಿಂದ ಅವಳ ಮೈ ಬಿರಿಯಿತು.

"ಒಂದು ತುತ್ತು ಕೊಡ್ರೆವ್ವಾ. ಒಳಗ ಕೂಸು ಒಣಗಾಕತ್ತೈತಿ," ಎಂದಳು.

"ನನ್ನ ತೆನಿಗೇ ಸಾಲವಲ್ದು," ಎಂದಿತು ಜೋಳ.

"ನಾ ಅರಳೂ ಗಡಿಬಿಡ್ಯಾಗ ಅದೀನಿ. ನಾಳೆ ನೋಡೂಣು," ಎಂದಿತು ಹತ್ತಿ.

ಹಸಿದ ಬಸುರಿಗೆ ನಾಳೆ! ಅವಳ ಹಾಲು ಕುಡಿದೇ ಎದೆಯೆತ್ತರ ಬೆಳೆದವರು ಇವರು!

ಕೊಗ್ಗಿಗೆ ತಡೆಯಲಾಗಲಿಲ್ಲ. ಯಾರ ಅಪ್ಪಣೆಯನ್ನೂ ಕೇಳದೆ ಹೊಲದ ನಡುವೆ ನುಗ್ಗಿದಳು.

"ಉಂಡ ಮನಿ ಜಂತಿ ಎಣಸವ್ರಾ! ಸರೀರಿ ಆಕಡೆ!"

ಗಾಳಿ ಓಡಿ ಬಂತು. "ತಂಗಿ, ನಿನಗ ಕಸ ಅಂದವರ ಕೂಸು ಅದು. ಅದಕ್ಕ ಉಣಸ್ತೀಯೇನು?"

"ನನ್ನ ಸಿಟ್ಟು ಅವರ ಮ್ಯಾಲಣ್ಣಾ. ಕೂಸೇನು ಮಾಡೇತಿ?"

ಕೊಗ್ಗಿ ಒಂದೊಂದೇ ಗಂಟು ಬಿಚ್ಚಿ ಉಣಿಸಿದಳು. ಸಾಲಲಿಲ್ಲ. ಎಲೆ ಉದುರಿಸಿ ಕೊಟ್ಟಳು. ಸಾಲಲಿಲ್ಲ. ಹೂ ಕೊಟ್ಟಳು, ಟೊಂಗೆ ಕೊಟ್ಟಳು. ಕೊನೆಗೆ ಅವಳದು ಅಂತ ಉಳಿದದ್ದು ಬೇರು ಮಾತ್ರ. ಆಗ ಭೂಮಿತಾಯಿಯ ಹೊಟ್ಟೆ ತಣ್ಣಗಾಯಿತು. ಜೋಳದ ಕೂಸು ಮಣ್ಣು ಸೀಳಿ ಹಸಿರಾಗಿ ತಲೆ ಎತ್ತಿತು.

ಭೂಮಿತಾಯಿ ಆ ಬೇರನ್ನು ಮುಷ್ಟಿಯಲ್ಲಿ ಹಿಡಿದಳು. "ನೀ ನನ್ನ ಮಗಳು. ಯಾರು ಜಗ್ಗಿದ್ರೂ ನಿನ್ನ ಬಿಡಾಂಗಿಲ್ಲ," ಎಂದಳು. ಮುಂದಿನ ಮಳೆಗೆ ಕೊಗ್ಗಿ ಅದೇ ಬೇರಿನಿಂದ ಚಿಗುರಿದಳು.

ಜೋಳ ಮಾತ್ರ ಒಂದು ಒಳ್ಳೆಯ ಮಾತೂ ಆಡಲಿಲ್ಲ. ಈಗ ಸೀಗೆ ಹುಣ್ಣಿಮೆಗೆ ಜನ ಬಸುರಿ ಹೊಲದ ಬಯಕೆ ತೀರಲೆಂದು ಅನ್ನದ ಚರಗ ಚೆಲ್ಲುತ್ತಾರೆ. ಮೊದಲು ಚೆಲ್ಲಿದವಳು ಯಾರು? ಒಬ್ಬರಾದರೂ ಅವಳ ಹೆಸರು ಹೇಳುತ್ತಾರೆಯೇ?

ಅದಕ್ಕೇ ಸಾವಂತ್ರಿ, ನಿನ್ನೆ ನೀನು ಕೊಗ್ಗಿಯನ್ನು ಕಸವೆಂದು ಜಗ್ಗಿದಾಗ ಟೊಂಗೆ ಕೈಗೆ ಬಂತು, ಬೇರು ಬರಲಿಲ್ಲ. ಮಣ್ಣು ಕೆದಕಿ ನೋಡು, ಆ ಬೇರಿನಲ್ಲಿ ಸಾಸಿವೆ ಕಾಳಿನಷ್ಟು ಗಂಟುಗಳಿವೆ, ಕಸ ಅಂದವರ ಮಕ್ಕಳಿಗಾಗಿ ಕೊಗ್ಗಿ ಇವತ್ತಿಗೂ ಬುತ್ತಿ ಕಟ್ಟುತ್ತಲೇ ಇದ್ದಾಳೆ.