ಹದ ನೋಡಿದ ಎಡಗೈ

ಮನೆಯ ಉಪ್ಪುನೀರಿನ ಗಾಜಿನ ತೊಟ್ಟಿ ತೊಳೆಯುತ್ತಿದ್ದ ಉಪೇಂದ್ರ ಪೈಯವರ ಬಲಗೈಗೆ ಅದರಲ್ಲಿ ಸಾಕಿದ್ದ ಸಿಂಹಮೀನು ವಿಷದ ಮುಳ್ಳು ಚುಚ್ಚಿತು.

"ಮಂಜುಗಡ್ಡೆ ಕೊಡು," ಎಂದು ಬಲಗೈ ಎಡಗೈಗೆ ಅಪ್ಪಣೆ ಮಾಡಿತು.

"ಈ ವಿಷಕ್ಕೆ ಬಿಸಿನೀರೇ ಆಗಬೇಕು," ಎಂದಿತು ಎಡಗೈ.

ಬಲಗೈ ಕೂಡಲೇ ಒಲೆಯ ಮೇಲೆ ಕುದಿಯುತ್ತಿದ್ದ ನೀರಿನತ್ತ ಚಾಚಿಕೊಂಡಿತು. ಎಡಗೈ ಅದನ್ನು ಹಿಡಿದು ನಿಲ್ಲಿಸಿತು.

"ತಾಳು. ನೋವಿನಲ್ಲಿರುವ ನಿನಗೆ ಶಾಖ ತಿಳಿಯುವುದಿಲ್ಲ. ಹದ ನಾನು ನೋಡುತ್ತೇನೆ."

"ಊಟದೆಲೆಯ ಬಳಿಗೂ ಯಾರೂ ಸೇರಿಸದ ನೀನು ನನಗೆ ಹೇಳುವುದೇ?"

ಎಡಗೈ ಕುದಿಯುವ ನೀರನ್ನು ಬೋಗುಣಿಗೆ ಸುರಿಯಿತು. ತಣ್ಣೀರು ಬೆರೆಸಿ, ಮೊದಲು ತಾನೇ ಮುಳುಗಿ, ತಾಳುವಷ್ಟೇ ಬಿಸಿಯಿದೆ ಎಂದು ಖಚಿತವಾದ ಮೇಲೆ ಬಲಗೈಗೆ ಜಾಗ ಬಿಟ್ಟಿತು. ಉರಿ ಇಳಿಯತೊಡಗಿತು.

ಆಸ್ಪತ್ರೆಗೆ ಹೋಗಿ ಬಂದು ಪೈಯವರು ಊಟಕ್ಕೆ ಕುಳಿತರು. ಬಲಗೈಗೆ ಬ್ಯಾಂಡೇಜು ಕಟ್ಟಿತ್ತು. ಎಡಗೈ ಅಂಜುತ್ತಲೇ ಅನ್ನ ಕಲಸಲು ಹೋಯಿತು.

"ಸಾರು ಸುಡುತ್ತಿದೆ, ಜೋಪಾನ," ಎಂದಿತು ಬಲಗೈ.