ಏಳರ ಮಗ್ಗಿ ಮರೆತ ಸೊಸೆ

ನಿವೃತ್ತರಾದ ಮೇಲೆ ಶೇಷಗಿರಿ ಮೇಷ್ಟ್ರ ಕೈಗೆ ಸಿಕ್ಕ ಒಬ್ಬಳೇ ವಿದ್ಯಾರ್ಥಿನಿ ಮೊಮ್ಮಗಳು ಮೇದಿನಿ. ದಿನಾ ಸಂಜೆ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು, "ಏಳರ ಮಗ್ಗಿ ಹೇಳು" ಎಂದು ಗದರುವರು. ಗೊಂಬೆಗೆ ಅದೇ ಮಗ್ಗಿಯನ್ನು ಸರಾಗವಾಗಿ ಹೇಳಿಕೊಡುವ ಮಗು, ತಾತನ ಮುಂದೆ ಬಾಯಿ ಕಟ್ಟಿ ನಿಂತುಬಿಡುವುದು. ಅವರ ತೊಡೆಯ ಮೇಲೇ ಬೆಳೆದವಳು ಈಗ ಅವರ ಕೆಮ್ಮು ಕೇಳಿದರೂ ಬೆದರುತ್ತಿದ್ದಳು. ಸೊಸೆ ಸುಗುಣಾ ಇದನ್ನೆಲ್ಲ ಅಡುಗೆಮನೆಯಿಂದಲೇ ನೋಡುತ್ತಿದ್ದಳು.

"ಇವಳ ತಲೆಗೆ ಲೆಕ್ಕ ಹತ್ತೋದಿಲ್ಲಮ್ಮ. ಇನ್ನೊಂದು ವರ್ಷ ಅದೇ ಕ್ಲಾಸಲ್ಲಿ ಕೂರಿಸು," ಎಂದು ಒಂದು ಸಂಜೆ ಮೇಷ್ಟ್ರು ತೀರ್ಪು ಕೊಟ್ಟರು. ಮೇದಿನಿ ಮಂಚದ ಕೆಳಗೆ ನುಸುಳಿದಳು.

ಸುಗುಣಾ ಅವರೆಕಾಯಿಯ ಮೊರ ತಂದು ಅಲ್ಲೇ ಕೂತಳು. ಕಾಯಿ ಬಿಡಿಸುತ್ತಾ ತನ್ನಷ್ಟಕ್ಕೆ ರಾಗವಾಗಿ ಹೇಳತೊಡಗಿದಳು: "ಏಳ್ಮೂರ್ಲ ಇಪ್ಪತ್ತೊಂದು, ಏಳ್ನಾಲ್ಕ್ಲ ಮೂವತ್ತು..."

ಮೇಷ್ಟ್ರಿಗೆ ಮೈಮೇಲೆ ಇರುವೆ ಬಿಟ್ಟಂತಾಯಿತು. ತಿದ್ದಲು ಬಾಯಿ ತೆರೆಯುವಷ್ಟರಲ್ಲಿ ಮಂಚದ ಕೆಳಗಿನಿಂದ ದನಿ ಬಂತು. "ಇಪ್ಪತ್ತೆಂಟು ಕಣಮ್ಮ."

"ಹೌದಾ? ಹಾಗಾದರೆ ಏಳೈದ್ಲ ನಲವತ್ತು."

"ಅಲ್ಲಮ್ಮ, ಮೂವತ್ತೈದು. ನೀನು ಸುಮ್ಮನಿರು, ನಾನು ಹೇಳ್ತೀನಿ." ಮೇದಿನಿ ತೆವಳಿ ಹೊರಗೆ ಬಂದು, ಅಮ್ಮನಿಗೆ ಪಾಠ ಮಾಡುವ ಗತ್ತಿನಲ್ಲಿ ಎಪ್ಪತ್ತರವರೆಗೂ ಹೇಳಿ ಮುಗಿಸಿದಳು.

ಮೇಷ್ಟ್ರು ಸೊಸೆಯ ಮುಖ ನೋಡಿದರು. ಅವಳು ತಲೆಯೆತ್ತದೆ ಕಾಯಿ ಬಿಡಿಸುತ್ತಿದ್ದಳು.

ಮರುದಿನ ಸಂಜೆ ಅವರು ಗದರಲಿಲ್ಲ. ಮಂಚದ ಮೇಲೆ ಕೂತು, ಯಾರಿಗೂ ಅಲ್ಲವೆಂಬಂತೆ, "ಎಂಟೊಂದ್ಲ ಎಂಟು," ಎಂದರು. ಆಮೇಲೆ ಬಹಳ ಕಷ್ಟಪಟ್ಟು, "ಎಂಟೆರಡ್ಲ ಹದಿನೈದು," ಎಂದರು.

ಮೇದಿನಿ ಓಡಿಬಂದು ಅವರ ತೊಡೆ ಏರಿದಳು. "ಹದಿನಾರು, ತಾತ. ನಿನಗೂ ಮರೆತುಹೋಯ್ತಾ?"

"ವಯಸ್ಸಾಯ್ತಲ್ಲಮ್ಮ," ಎಂದರು ಮೇಷ್ಟ್ರು. "ನೀನೇ ಕಲಿಸು."